ಊದಿದ ಮೋರೆ

ಸಿಂಧಘಟ್ಟದಲ್ಲಿ ಅಂದಾನಯ್ಯ ತನ್ನ ನೆರಳನ್ನೂ ನಂಬುವ ಪೈಕಿಯಲ್ಲ. ಅಂಥವನ ಜೇನುಪೆಟ್ಟಿಗೆಗೇ ಕಳ್ಳ ಕೈಹಾಕಿದರೆ ಕೇಳಬೇಕೆ? ಸರ್ಕಾರದವರು ಹೊಸದಾಗಿ ಹಂಚಿದ್ದ ಪೆಟ್ಟಿಗೆ ಅದು. ಬೆಳಿಗ್ಗೆ ತೆಂಗಿನ ತೋಟಕ್ಕೆ ಹೋದರೆ ಮುಚ್ಚಳ ವಾರೆಯಾಗಿದೆ, ಜೇನುತುಪ್ಪ ತುಂಬಿದ್ದ ಎರಿಯನ್ನು ಯಾರೋ ಕೊಯ್ದಿದ್ದಾರೆ.

ಸುತ್ತ ಬಗ್ಗಿ ನೋಡಿದ. ಬೂದಿಯಿಲ್ಲ, ಸುಟ್ಟ ಬೆರಣಿಯ ಚೂರಿಲ್ಲ. ಹೊಗೆ ಹಾಕದೆ ಕೈಹಾಕಿದವನನ್ನು ಹುಳ ಸುಮ್ಮನೆ ಬಿಟ್ಟಿರುವುದಿಲ್ಲ. ಊರಲ್ಲಿ ಊದಿದ ಮೋರೆ ಹುಡುಕಿದರಾಯಿತು!

ತಮ್ಮ ಬೀರಯ್ಯನನ್ನು ಜೊತೆಗೆ ಕರೆದುಕೊಂಡು ಹೊರಟ. ಎದುರಾದವರ ಕೆನ್ನೆಯನ್ನೆಲ್ಲ ಸಂತೆಯಲ್ಲಿ ಬದನೆಕಾಯಿ ನೋಡುವ ಹಾಗೆ ನೋಡುತ್ತ ಹೋದ. ಟೀ ಅಂಗಡಿಯ ಜಗಲಿಯ ಮೇಲೆ ದಾಸಯ್ಯ ಕೂತಿದ್ದ. ಬರುವ ಸೋಮವಾರ ಅಂದಾನಯ್ಯನ ಮಗಳು ಚಲುವಮ್ಮನಿಗೂ ದಾಸಯ್ಯನ ಮಗನಿಗೂ ವೀಳ್ಯಶಾಸ್ತ್ರ. ಬೀಗನಾಗುವವನ ಒಂದು ಕೆನ್ನೆ ದಪ್ಪಗೆ ಊದಿತ್ತು, ಮೇಲೆ ಸುಣ್ಣ ಮೆತ್ತಿತ್ತು.

"ಅಲ್ಲು ನೋವು ಕಣಯ್ಯ, ರಾತ್ರಿಯೆಲ್ಲ ನಿದ್ದೆ ಇಲ್ಲ" ಎಂದ ದಾಸಯ್ಯ.

"ಸುಣ್ಣ ಅಚ್ಚೋದು ಹುಳ ಕಡುದ್ರೆ. ನಮ್ಮ ತುಪ್ಪ ಚೆಂದಾಗಿತ್ತಾ?"

ಜಗಲಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ದಾಸಯ್ಯ ಟವೆಲ್ಲು ಕೊಡವಿ ಎದ್ದ. "ಕಳ್ಳನ ಮನೆಗೆ ಯೆಣ್ಣು ಕೊಡಬ್ಯಾಡ ಬುಡು" ಎಂದಷ್ಟೇ ಹೇಳಿ ನಡೆದುಬಿಟ್ಟ. ಬೀರಯ್ಯ ಅಣ್ಣನ ಹಿಂದೆಯೇ ಮನೆಗೆ ನಡೆದ.

ಮಧ್ಯಾಹ್ನ ಊಟಕ್ಕೆ ಕೂತಾಗ, ಮುದ್ದೆ ಇಡುತ್ತಿದ್ದ ಹೆಂಡತಿ ಪ್ರೇಮಮ್ಮ ಮೈದುನನ ಮುಂಗೈ ನೋಡಿ ಕೇಳಿದಳು, "ಇದ್ಯಾಕೆ ಬೀರಪ್ಪ, ಮುಳ್ಳು ಅಂಗೇ ಐತಲ್ಲ?"

ಅಂದಾನಯ್ಯ ತಮ್ಮನ ಕೈ ಹಿಡಿದು ನೋಡಿದ. ಜೇನಿನ ಕರಿಮುಳ್ಳು ನೆಟ್ಟಿತ್ತು, ಊತ ಮಾತ್ರ ಎಳ್ಳಷ್ಟೂ ಇರಲಿಲ್ಲ.  ಮರದ ಪೊಟರೆಯಲ್ಲಿ ಜೇನು ಕೀಳುತ್ತಿದ್ದ ಕಾಲದಿಂದಲೂ ಅಣ್ಣತಮ್ಮ ಇಬ್ಬರೂ ಕಡಿಸಿಕೊಂಡು ಕಡಿಸಿಕೊಂಡು ಒಗ್ಗಿಹೋಗಿದ್ದರು. ಒಗ್ಗಿದ ಮೈ ಊದುವುದಿಲ್ಲ. ತನ್ನ ಕೈ ಊದಿ ಎಷ್ಟು ವರ್ಷವಾಯಿತೋ ಅವನಿಗೇ ನೆನಪಿಲ್ಲ. ಅಂಥವನು ಊರವರ ಮೋರೆ ನೋಡುತ್ತ ಅಲೆದಿದ್ದ.

"ಕೇಳಿದ್ರೆ ಕೊಡ್ತಿರ್ನಿಲ್ವೇನ್ಲಾ?"

"ನೀನು ಕೊಡ್ತಿದ್ದೆ ಕಣಣ್ಣ" ಎಂದ ಬೀರಯ್ಯ, ತಲೆ ಎತ್ತದೆ. "ಮಗೀಗೆ ಕೆಮ್ಮು, ವಸಿ ತುಪ್ಪ ಬೇಕಿತ್ತು. ಕೇಳಿದ್ರೆ, ದಿಟವಾಗ್ಲೂ ಕೆಮ್ಮೈತಾ ಅಂತ ನೋಡಕ್ಕೆ ನೀನೇ ಬತ್ತಿದ್ದೆ."

ಕೈ ತೊಳೆದವನೇ ಅಂದಾನಯ್ಯ ದಾಸಯ್ಯನ ಮನೆಗೆ ಓಡಿದ. ತಪ್ಪಾಯಿತು ಎಂದು ಕೈ ಮುಗಿದ. ದಾಸಯ್ಯ ಚಾಪೆ ಹಾಕಿಸಿ ಕೂರಿಸಿದ, ನೀರು ಕೊಡಿಸಿದ.

"ತಪ್ಪು ಒಪ್ಕಂಡೆ, ದೊಡ್ಡೋನು ನೀನು. ಆದ್ರೆ ನಾಳೆ ನಿನ್ನ ಮಗಳು ನಮ್ಮನೇಲಿ ಒಂದಿನ ಸಪ್ಪಗೆ ಕೂತ್ರೂ ನೀನು ನಮ್ಮ ಮೋರೆಗಳ್ನೆಲ್ಲ ನೋಡ್ಕಂಡು ಬತ್ತೀಯ. ಬ್ಯಾಡ ಕಣಯ್ಯ, ನಮಗೆ ತಡಿಯಕ್ಕಾಗಕಿಲ್ಲ."

ಅಂದಾನಯ್ಯ ಮನೆಗೆ ಬಂದಾಗ ಚಲುವಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು.  ಅಪ್ಪನ ಮುಖ ನೋಡಿ ಒಳಗೆ ಹೋದಳು.