ಮಗುಚಿದ ಪದಕ

ನಾನೊಂದು ಕರಿಮಣಿ ಸರ. ಕಡಲಿನ ಸದ್ದು ಕೇಳಿಸುವಷ್ಟು ಹತ್ತಿರದ ಒಂದು ಸಣ್ಣ ಅಂಗಡಿಯಲ್ಲಿ ವಾಸುದೇವ ಆಚಾರ್ಯರು ನನ್ನನ್ನು ಮಾಡಿದರು. ಚಿನ್ನದ ತಂತಿಯಲ್ಲಿ ಪೋಣಿಸಿದ ಕರಿಯ ಮಣಿಗಳು, ನಡುವೆ ತುಳಸಿ ಎಲೆಯಷ್ಟು ಅಗಲದ ಒಂದು ಪದಕ. ಪದಕದ ಮುಂಭಾಗದಲ್ಲಿ ಕೈಯಲ್ಲಿ ಗೋಲ ಹಿಡಿದು ನಿಂತ ಬಾಲಯೇಸು. ಹಿಂಭಾಗ ಬೋಳು.

ಕ್ರೈಸ್ತರ ಮದುವೆಯಲ್ಲೂ ಕರಿಮಣಿಯೇ ಎಂದು ದೂರದ ಊರಿನವರು ಕೇಳುತ್ತಾರೆ. ನಮ್ಮ ಕರಾವಳಿಯಲ್ಲಿ ಹೌದು, ಎಷ್ಟೋ ತಲೆಮಾರುಗಳಿಂದ ಹೌದು. ಆಚಾರ್ಯರಿಗೆ ಅದು ವಿಶೇಷವಾಗಿ ಕಂಡಿರಲೇ ಇಲ್ಲ. ತಾಳಿಯ ಕೆಲಸಕ್ಕೆ ಕೂರುವ ದಿನ ಅವರು ಮಿಂದು, ದೀಪ ಹಚ್ಚಿ, ಚಿನ್ನಕ್ಕೆ ಕುಂಕುಮ ಇಟ್ಟು ಶುರು ಮಾಡುತ್ತಿದ್ದರು. ಯಾರ ತಾಳಿಯಾದರೂ ಸರಿ, ಕುಂಕುಮ ಇಡದೆ ಬೆಂಕಿಗೆ ಹಿಡಿಯುತ್ತಿರಲಿಲ್ಲ. ಕೆಲಸ ಮುಗಿದ ಮೇಲೂ ಒಂದು ಬೊಟ್ಟು ಇಡುತ್ತಿದ್ದರು. ನನ್ನನ್ನು ಕೊಂಡುಹೋಗಲು ಮದುಮಗನ ತಾಯಿ ನತಾಲಿಯಾ ಬಂದಾಗ ಅವರು ಪದಕವನ್ನು ಬಟ್ಟೆಯಿಂದ ಮತ್ತೆ ಮತ್ತೆ ಉಜ್ಜಿದರು.

"ಗೋಲದ ಸಂದಿಯಲ್ಲಿ ಕೆಂಪು ಸ್ವಲ್ಪ ಉಳೀತು ಬಾಯಮ್ಮ. ಎಷ್ಟು ಒರೆಸಿದ್ರೂ ಹೋಗೂದಿಲ್ಲ."

"ಇರ್ಲಿ ಆಚಾರ್ರೇ. ಒಳ್ಳೇದಕ್ಕೇ ಅಲ್ವಾ ನೀವು ಇಟ್ಟದ್ದು," ಎಂದು ಆಕೆ ನನ್ನನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡರು.

ವಲೇರಿಯನ್ ನನ್ನನ್ನು ಎಮಿಲ್ಡಾಳ ಕುತ್ತಿಗೆಗೆ ಕಟ್ಟಿದ. ಅವನು ಮೀನು ಹಿಡಿಯುವ ಟ್ರಾಲ್ ಬೋಟಿನಲ್ಲಿ ಕೆಲಸ ಮಾಡುವವನು. ಮದುವೆಗೆಂದು ಎಷ್ಟು ಸೋಪು ಹಾಕಿ ತೊಳೆದಿದ್ದರೂ ಬೆರಳುಗಳಲ್ಲಿ ಡೀಸೆಲ್ ವಾಸನೆಯಿತ್ತು. ಕೊಂಡಿ ಹಾಕಲು ಬಾರದೆ ತಡವರಿಸಿದಾಗ ಎಮಿಲ್ಡಾ ನಗುವನ್ನು ತಡೆದುಕೊಂಡಳು. ಅವಳ ಗಂಟಲು ಒಳಗೊಳಗೇ ಕುಲುಕಿದ್ದು ನನಗೆ ಮಾತ್ರ ಗೊತ್ತು.

ಎಮಿಲ್ಡಾ ಅತ್ತೆಯನ್ನು ಮಾಂಯ್ ಎಂದು ಕರೆಯುತ್ತಿದ್ದಳು. ಮದುವೆಯ ಮರುದಿನ ಮಾಂಯ್ ಅವಳನ್ನು ಕೂರಿಸಿಕೊಂಡು ಹೇಳಿದ್ದು ಒಂದೇ ಮಾತು. "ಇದನ್ನು ನೀನು ತೆಗೀಲಿಕ್ಕಿಲ್ಲ. ಮೀಯುವಾಗಲೂ ಇಲ್ಲ. ತೆಗೀಬೇಕಾದ ದಿನ ಬಂದ್ರೆ ಹಿರಿಯರು ತೆಗೀತಾರೆ, ಗಂಡನ ಶವಪೆಟ್ಟಿಗೆಯ ಎದುರು. ಅದು ಬಿಟ್ಟು ಬೇರೆ ದಿನ ಇಲ್ಲ ಇದಕ್ಕೆ."

ಹದಿನಾಲ್ಕನೇ ತಿಂಗಳಲ್ಲಿ ವಲೇರಿಯನ್ ಹೋದ ಬೋಟು ಹಿಂದೆ ಬರಲಿಲ್ಲ. ಏಳು ಜನ ಇದ್ದರು. ಹನ್ನೊಂದು ದಿನ ಹುಡುಕಿದರು. ಒಂದು ಹಲಗೆ ತುಂಡು ಮತ್ತು ನೀಲಿ ಬಣ್ಣದ ಒಂದು ನೀರಿನ ಕ್ಯಾನ್ ಸಿಕ್ಕಿತು. ಉಳಿದ ಆರು ಮನೆಗಳಲ್ಲಿ ಒಂದು ವರ್ಷ ಕಾದು, ದರ್ಭೆಯ ಗೊಂಬೆ ಮಾಡಿ ಸುಟ್ಟು, ಕಾರ್ಯ ಮುಗಿಸಿ, ಹೆಂಗಸರ ಕರಿಮಣಿ ತೆಗೆದರು. ನಮ್ಮ ಮನೆಗೂ ಪಾದ್ರಿಗಳು ಬಂದು, ಇಗರ್ಜಿಯಲ್ಲಿ ಸತ್ತವರಿಗಾಗಿ ಒಂದು ಪೂಜೆ ಇಡಿಸೋಣವೇ ಎಂದು ಕೇಳಿದರು.

"ಪೆಟ್ಟಿಗೆ ಎಲ್ಲಿ ಫಾದರ್?" ಎಂದು ಮಾಂಯ್ ಕೇಳಿದರು. ಪಾದ್ರಿಗಳು ಕಾಫಿ ಕುಡಿದು ಎದ್ದರು.

ಹಾಗಾಗಿ ನಾನು ಉಳಿದೆ. ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದಿದ್ದರೂ ಇಬ್ಬರಿಗೂ ಗೊತ್ತಿತ್ತು. ನಾನು ಕುತ್ತಿಗೆಯಲ್ಲಿ ಇರುವಷ್ಟು ದಿನ ವಲೇರಿಯನ್ ಕಡಲಿಗೆ ಹೋದವನು. ನಾನು ಇಳಿದರೆ ಸತ್ತವನು.

ಎರಡು ಹೊಟ್ಟೆ ತುಂಬಬೇಕಾದ್ದರಿಂದ ಎಮಿಲ್ಡಾ ಕುವೈತಿಗೆ ಮನೆಗೆಲಸಕ್ಕೆ ಹೋದಳು. ಅಲ್ಲಿ ಮಸೀದಿಯ ಬಾಂಗಿನ ಕೂಗು ಕೇಳಿದರೆ ರಸ್ತೆಯೇ ಖಾಲಿಯಾಗುತ್ತಿತ್ತು. ರಮ್ಜಾನಿನಲ್ಲಿ ಹಗಲು ಹೊರಗೆಲ್ಲೂ ಯಾರೂ ಒಂದು ಗುಟುಕು ನೀರು ಕುಡಿಯುವಂತಿಲ್ಲ, ಯಾವ ಧರ್ಮದವರೂ. ಅದು ಅಲ್ಲಿನ ಕಾನೂನು. ಎಮಿಲ್ಡಾ ಅಡುಗೆಮನೆಯ ಬಾಗಿಲು ಹಾಕಿಕೊಂಡು, ಗೋಡೆಗೆ ಮುಖ ಮಾಡಿ ಊಟ ಮಾಡುತ್ತಿದ್ದಳು. ಇಗರ್ಜಿಯೂ ಇತ್ತು. ರಜೆಯ ದಿನವಾದ ಶುಕ್ರವಾರ ಅಲ್ಲಿ ಕಾಲಿಡಲೂ ಜಾಗವಿಲ್ಲದಷ್ಟು ಜನ. ಹೊರಗೆ ಬರುವಾಗ ಎಲ್ಲರೂ ಜಪಮಾಲೆಯನ್ನು ಚೀಲದೊಳಗೆ ಹಾಕಿಕೊಳ್ಳುತ್ತಿದ್ದರು.

ಮನೆಯ ಯಜಮಾನಿಯನ್ನು ಅವಳು ಮೇಡಂ ಎನ್ನುತ್ತಿದ್ದಳು. ಎರಡನೇ ವಾರ ಮೇಡಂ ನನ್ನನ್ನು ಗಮನಿಸಿದರು.

"ಅದನ್ನು ತೆಗೆದಿಡು. ನನ್ನ ಅತ್ತೆಗೆ ಇಂಥ ಚಿತ್ರ ಕಂಡರೆ ಆಗುವುದಿಲ್ಲ."

ಎಮಿಲ್ಡಾ ತನಗೆ ಬರುತ್ತಿದ್ದ ನಾಲ್ಕು ಅರಬ್ಬಿ ಮಾತುಗಳಲ್ಲಿ ಹೇಳಿದಳು. ಗಂಡ, ಕಡಲು, ಸಿಕ್ಕಿಲ್ಲ, ತೆಗೆಯುವಂತಿಲ್ಲ.

ಮೇಡಂ ಕೇಳಿದರು, "ನಮ್ಮಲ್ಲಿ ವಿಧವೆ ನಾಲ್ಕು ತಿಂಗಳು ಹತ್ತು ದಿನ ಎಣಿಸುತ್ತಾಳೆ. ನೀನು ಯಾವಾಗಿನಿಂದ ಎಣಿಸುತ್ತಿದ್ದೀ?"

"ಎಣಿಸಲು ಶುರು ಮಾಡಿಲ್ಲ ಮೇಡಂ."

ಮೇಡಂ ಹತ್ತಿರ ಬಂದು ಎರಡು ಬೆರಳಲ್ಲಿ ನನ್ನ ಪದಕವನ್ನು ಹಿಡಿದು ಮಗುಚಿ ಹಾಕಿದರು. ಬಾಲಯೇಸು ಎಮಿಲ್ಡಾಳ ಎದೆಯ ಕಡೆಗೆ ತಿರುಗಿದ. ಬೋಳು ಬೆನ್ನು ಹೊರಗೆ ಬಂತು. "ಹೀಗಿರಲಿ," ಎಂದರು. ಆ ದಿನದಿಂದ ಎಮಿಲ್ಡಾ ಏಳುವಾಗ ಮೊದಲು ಕುತ್ತಿಗೆ ಮುಟ್ಟಿಕೊಂಡು, ಪದಕ ಮಗುಚಿದೆಯೇ ಎಂದು ನೋಡಿಕೊಳ್ಳುತ್ತಿದ್ದಳು. ನಾಲ್ಕು ವರ್ಷದಲ್ಲಿ ಅದು ಉಸಿರಾಡಿದಷ್ಟೇ ಸಹಜವಾದ ಅಭ್ಯಾಸವಾಯಿತು.

ಆಮೇಲೆ ಯಜಮಾನರಿಗೆ ಎರಡು ವರ್ಷದ ಮಟ್ಟಿಗೆ ಪ್ಯಾರಿಸಿಗೆ ವರ್ಗವಾಯಿತು. ಎಮಿಲ್ಡಾಳನ್ನೂ ಕರೆದುಕೊಂಡು ಹೋದರು. ಅಲ್ಲಿ ಬಾಂಗು ಇಲ್ಲ. ಇಗರ್ಜಿಗಳು ಬೆಟ್ಟದಷ್ಟು ಎತ್ತರ. ಎಮಿಲ್ಡಾ ಮೊದಲ ಭಾನುವಾರ ಓಡೋಡಿ ಹೋದಳು. ಒಳಗೆ ಹದಿಮೂರು ಜನ ಮುದುಕರು, ಗೋಡೆಯ ಫೋಟೋ ತೆಗೆಯುವ ಪ್ರವಾಸಿಗರು, ಮತ್ತೆ ತಣ್ಣನೆಯ ಕಲ್ಲು. ಅವಳು ಕೂತ ಬೆಂಚಿನಲ್ಲಿ ಬೇರೆ ಯಾರೂ ಇರಲಿಲ್ಲ.

ಮೇಡಂ ಅವರ ಮಗಳು ದಾನಾಗೆ ಹದಿಮೂರು ವರ್ಷ. ಆಗಷ್ಟೇ ತಲೆಗೆ ಬಟ್ಟೆ ಕಟ್ಟಲು ಶುರು ಮಾಡಿದ್ದಳು. ಅವಳು ಸೇರಿದ್ದು ಸರಕಾರಿ ಶಾಲೆ. ಅಲ್ಲಿ ಧರ್ಮದ ದೊಡ್ಡ ಗುರುತು ಯಾವುದೂ ಗೇಟಿನ ಒಳಗೆ ಹೋಗುವಂತಿಲ್ಲ. ಅದು ಅಲ್ಲಿನ ಕಾನೂನು. ದಿನಾ ಬೆಳಿಗ್ಗೆ ಗೇಟಿನ ಹತ್ತಿರ ಬಂದಾಗ ದಾನಾ ತಲೆ ತಗ್ಗಿಸಿ ಬಟ್ಟೆ ಬಿಚ್ಚಿ, ನಾಲ್ಕು ಮಡಿಕೆ ಮಾಡಿ ಎಮಿಲ್ಡಾಳ ಕೈಗೆ ಕೊಡುತ್ತಿದ್ದಳು. ಸಂಜೆ ಅದೇ ಜಾಗದಲ್ಲಿ ಎಮಿಲ್ಡಾ ಅದನ್ನು ಹಿಂದೆ ಕೊಡುತ್ತಿದ್ದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಒಂದು ದಿನ ಮೇಡಂ ಕಿಟಕಿಯ ಹತ್ತಿರ ನಿಂತಿದ್ದರು. ರಮ್ಜಾನ್ ತಿಂಗಳು, ಸೂರ್ಯ ಒಂಬತ್ತೂವರೆಯಾದರೂ ಮುಳುಗುತ್ತಿರಲಿಲ್ಲ, ಕೆಳಗೆ ಹೋಟೆಲಿನವರು ರಸ್ತೆಗೇ ಹಾಕಿದ ಮೇಜುಗಳಲ್ಲಿ ಜನ ಕೂತು ತಿನ್ನುತ್ತಿದ್ದರು. ಮೇಡಂ ಹಿಂದೆ ತಿರುಗದೆ ಹೇಳಿದರು.

"ಎಮಿಲ್ಡಾ, ಇಲ್ಲಿ ನಿನ್ನದನ್ನು ಯಾರೂ ಕೇಳುವುದಿಲ್ಲ. ಬೇಕಾದರೆ ತಿರುಗಿಸಿಕೋ."

ಎಮಿಲ್ಡಾ ತಿರುಗಿಸಿಕೊಳ್ಳಲಿಲ್ಲ. ಭಯವಿತ್ತೆಂದಲ್ಲ. ಮಗುಚಿ ಹಾಕುವುದೇ ಕೈಗೆ ಅಭ್ಯಾಸವಾಗಿಹೋಗಿತ್ತು. ಆ ಅಭ್ಯಾಸವೇ ಮುಂದೆ ನಮ್ಮನ್ನು ಹಿಡಿದುಕೊಟ್ಟಿತು.

ಮಾಂಯ್ ಹಾಸಿಗೆ ಹಿಡಿದರೆಂದು ಸುದ್ದಿ ಬಂದಾಗ ಅವಳು ಕೆಲಸ ಬಿಟ್ಟು ಊರಿಗೆ ಬಂದಳು. ಹೊರಡುವಾಗ ದಾನಾ ಒಂದು ಬಿಸ್ಕತ್ತಿನ ಡಬ್ಬಿ ಕೊಟ್ಟು ಒಳಗೆ ಹೋದಳು.

ಊರಿನ ಬಸ್ಸು ಹತ್ತಿದ ಕೂಡಲೇ ನನಗೆ ಸಮಾಧಾನವಾಯಿತು. ಡ್ರೈವರನ ಮುಂದೆ ಗಣಪತಿ, ಮಸೀದಿ, ಶಿಲುಬೆ ಮೂರೂ ಒಂದೇ ಸಾಲಿನಲ್ಲಿ, ಒಂದೇ ಮಲ್ಲಿಗೆಯ ಮಾಲೆ. ಇಲ್ಲಿ ಯಾರೂ ಏನನ್ನೂ ಅಡಗಿಸಬೇಕಾಗಿಲ್ಲ ಎಂದುಕೊಂಡೆ. ಆ ಬಸ್ಸು ಹಳೆಯದಾಗಿತ್ತು. ಹೊಸ ಬಸ್ಸುಗಳಲ್ಲಿ ಒಂದೊಂದೇ ಪಟ ಇದ್ದದ್ದನ್ನು ಆಮೇಲೆ ನೋಡಿದೆ. ಕಂಬಕ್ಕೊಂದು ಬಾವುಟ ಬಂದಿತ್ತು. ಜನ ಅಂಗಡಿಯ ಬೋರ್ಡಿನಲ್ಲಿ ಯಾರ ಹೆಸರಿದೆ ಎಂದು ಓದಿ ಒಳಗೆ ಹೋಗುತ್ತಿದ್ದರು. ಆಚಾರ್ಯರು ತೀರಿಕೊಂಡಿದ್ದರು. ಅಂಗಡಿಯಲ್ಲಿ ಮೊಬೈಲ್ ರಿಪೇರಿ ನಡೆಯುತ್ತಿತ್ತು.

ಎಮಿಲ್ಡಾಗೆ ಉಮಾನಾಥ ಎಂಬ ಬೋಟು ಮಾಲೀಕರ ಮನೆಯಲ್ಲಿ ಕೆಲಸ ಸಿಕ್ಕಿತು. ಅವರ ತಾಯಿ ಗುಲಾಬಿಯಮ್ಮನನ್ನು ಹಗಲು ನೋಡಿಕೊಳ್ಳಬೇಕು. ಮುದುಕಿಗೆ ಕಣ್ಣು ಮಂಜು. ಮೊದಲ ದಿನವೇ ಕೈ ಚಾಚಿ ಎಮಿಲ್ಡಾಳ ಕುತ್ತಿಗೆ ತಡವಿದರು. ಮಣಿಗಳನ್ನು ಒಂದೊಂದಾಗಿ ಮುಟ್ಟಿದರು.

"ಕರಿಮಣಿ ಉಂಟು. ಗಂಡ ಇದ್ದಾನಾ?"

"ಇದ್ದಾರೆ ಅಮ್ಮ."

"ಎಲ್ಲಿ?"

"ಕಡಲಲ್ಲಿ."

ಗುಲಾಬಿಯಮ್ಮ ಬೆರಳು ತೆಗೆಯಲಿಲ್ಲ. ಕಡಲಿನ ಮನೆಯ ಹೆಂಗಸು, ಆ ಒಂದು ಮಾತಿನ ದನಿ ಅವರಿಗೆ ಸಾಕಾಯಿತು. "ಎಷ್ಟು ವರ್ಷ ಆಯ್ತು?"

"ಎಂಟು."

"ಇರ್ಲಿ ಮಗಾ. ನನಗೆ ನೀನೇ ನೀರು ಕೊಡು. ಮುತ್ತೈದೆ ಕೈಯದ್ದು," ಎಂದರು. ಅಂದಿನಿಂದ ಅವರು ಬೇರೆ ಯಾರು ಕೊಟ್ಟರೂ ಬಾಯಿ ತೆರೆಯುತ್ತಿರಲಿಲ್ಲ. ಅವಳ ಹೆಸರನ್ನು ಹೇಳಲು ಬಾರದೆ ಇಮಲಾ ಎಂದರು. ಮನೆಯವರೆಲ್ಲರೂ ಹಾಗೇ ಕರೆದರು. ಮಾತು ಕಡಿಮೆಯ ಎಮಿಲ್ಡಾ ತಿದ್ದಲಿಲ್ಲ.

ಒಂದು ಬೆಳಿಗ್ಗೆ ಮುದುಕಿಯನ್ನು ಎತ್ತಿ ಕೂರಿಸುವಾಗ ನಾನು ಸೆರಗಿನಿಂದ ಹೊರಗೆ ಜಾರಿದೆ. ಪದಕ ತಾನಾಗಿಯೇ ತಿರುಗಿತು. ಎದುರಿಗೆ ಉಮಾನಾಥ ನಿಂತಿದ್ದರು.

"ಇದೆಂತದು? ನೀವು ಪೊರ್ಬುಗಳಾ?" ಕ್ರೈಸ್ತರನ್ನು ಅಲ್ಲಿ ಹಾಗೆ ಕರೆಯುತ್ತಾರೆ.

"ಹೌದು."

"ಮತ್ತೆ ತಿರುಗಿಸಿ ಯಾಕೆ ಹಾಕಿದ್ದು? ಅಡಗಿಸಲಿಕ್ಕಾ?"

ಎಮಿಲ್ಡಾ ಕುವೈತಿನ ಮೇಡಂ ಕತೆ ಹೇಳಲು ಬಾಯಿ ತೆರೆದಳು. ಅದನ್ನು ಎಲ್ಲಿಂದ ಶುರು ಮಾಡಬೇಕೋ ಅವಳಿಗೆ ತಿಳಿಯಲಿಲ್ಲ. ಉಮಾನಾಥ ಬಗ್ಗಿ ನೋಡಿದರು. ಗೋಲದ ಸಂದಿಯ ಕೆಂಪು ಅವರ ಕಣ್ಣಿಗೆ ಬಿತ್ತು. "ಓಹೋ, ಕುಂಕುಮ ಬೇರೆ! ನಾಟಕ ಪೂರ್ತಿ ಉಂಟು. ನನ್ನ ಅಮ್ಮನನ್ನು ಏನು ಮಾಡಬೇಕೂಂತ ಮಾಡಿದ್ದೀರಿ ನೀವು?"

"ಇಮಲಾ, ನೀರು," ಎಂದು ಹಾಸಿಗೆಯಿಂದ ಗುಲಾಬಿಯಮ್ಮ ಕರೆದರು. ಉಮಾನಾಥ ಲೋಟವನ್ನು ಎಮಿಲ್ಡಾಳ ಕೈಯಿಂದ ತೆಗೆದುಕೊಂಡರು.

ಎರಡು ದಿನದಲ್ಲಿ ಮಾತು ಊರೆಲ್ಲ ಹಬ್ಬಿತು. ಕರಿಮಣಿ ಹಾಕಿ ಮೋಸ ಮಾಡಿ ಮನೆ ಹೊಕ್ಕು ಮತಾಂತರ ಮಾಡುತ್ತಾರಂತೆ. ಇಗರ್ಜಿಯ ಗೇಟಿಗೆ ಯಾರೋ ಕಲ್ಲು ಹೊಡೆದರು. ಆಗ ಪೊಲೀಸ್ ಠಾಣೆಯಲ್ಲಿ ಶಾಂತಿ ಸಭೆ ಕರೆದರು.

ಎಮಿಲ್ಡಾಳನ್ನೂ ಬರಹೇಳಿದ್ದರು. ಕುರ್ಚಿ ಇರಲಿಲ್ಲ, ಬಾಗಿಲ ಹತ್ತಿರ ನಿಂತಳು. "ನನಗೆ ಎಲ್ಲಾ ಧರ್ಮವೂ ಒಂದೇ," ಎಂದು ಇನ್‌ಸ್ಪೆಕ್ಟರು ಶುರು ಮಾಡಿದರು. ಅವರ ತಲೆಯ ಹಿಂದೆ ಹೂ ಹಾಕಿದ ದೇವರ ಪಟಗಳಿದ್ದವು, ಬೆಳಗಿನ ಊದುಬತ್ತಿಯ ಬೂದಿ ಇನ್ನೂ ಅಲ್ಲೇ ಇತ್ತು. ಉಮಾನಾಥ ಗಲಾಟೆ ಮಾಡಲಿಲ್ಲ, ಮೆತ್ತಗೇ ಮಾತಾಡಿದರು.

"ನಮಗೆ ಯಾರ ಮೇಲೂ ದ್ವೇಷ ಇಲ್ಲ ಸರ್. ಅವರವರ ಗುರುತು ಅವರವರಿಗೆ ಇರ್ಲಿ. ಕರಿಮಣಿ ನಮ್ಮದು. ಅದನ್ನು ಬಿಡ್ಲಿ. ಅಷ್ಟೇ."

ನಮ್ಮ ಕಡೆಯಿಂದ ಚರ್ಚಿನ ಪಾಲನಾ ಮಂಡಳಿಯ ಉಪಾಧ್ಯಕ್ಷ ಹಿಲರಿ ಬಂದಿದ್ದರು. ಅವರು ಹಗುರಾಗಿ ಉಸಿರು ಬಿಟ್ಟರು. ಇದಕ್ಕಿಂತ ದೊಡ್ಡದನ್ನು ಕೇಳಬಹುದೆಂದು ಹೆದರಿ ಬಂದವರು. "ಅದೆಂತ ದೊಡ್ಡ ವಿಷಯ ಅಲ್ಲ. ನಮ್ಮ ಹೊಸ ಫಾದರೂ ಹೇಳ್ತಾ ಇರ್ತಾರೆ, ಅದು ನಮ್ಮ ಧರ್ಮದ್ದಲ್ಲಾಂತ. ನಮ್ಮ ಹೆಂಗಸರಿಗೆ ಹೇಳ್ತೇವೆ."

ಇನ್‌ಸ್ಪೆಕ್ಟರಿಗೆ ಖುಷಿಯಾಯಿತು. ಚಹಾ ಬಂತು. ಎಮಿಲ್ಡಾ ಬಾಗಿಲಲ್ಲಿ ಏನೋ ಹೇಳಿದಳು. ದನಿ ಅಷ್ಟು ಸಣ್ಣದಿತ್ತು, ಇನ್‌ಸ್ಪೆಕ್ಟರು "ಏನಮ್ಮಾ? ಜೋರಾಗಿ ಹೇಳಿ," ಎಂದರು.

"ಇದು ಅವರದ್ದೂ ಅಲ್ಲ, ಫಾದರ್‌ದ್ದೂ ಅಲ್ಲ," ಎಂದಳು. "ವಲೇರಿಯನ್‌ದ್ದು."

"ಆಯ್ತಮ್ಮಾ, ಎಲ್ಲಾ ಸರಿಯಾಯ್ತಲ್ಲ ಈಗ," ಎಂದು ಇನ್‌ಸ್ಪೆಕ್ಟರು ಎದ್ದರು. ಅವಳಿಗೆ ಚಹಾ ಕೊಡುವುದನ್ನು ಮರೆತಿದ್ದರು.

ಆ ವಾರ ಹಿಲರಿಯವರ ಹೆಂಡತಿ ತಮ್ಮ ಕರಿಮಣಿ ಕೊಟ್ಟು, ಶಿಲುಬೆ ಇರುವ ಚಿನ್ನದ ಚೈನು ಮಾಡಿಸಿಕೊಂಡರು. ಇನ್ನೂ ಕೆಲವರು ಮಾಡಿಸಿಕೊಂಡರು. ಅವರ ಗಂಡಂದಿರು ಸಂಜೆ ಮನೆಗೆ ಬರುವವರು, ಅವರಿಗೆ ಅದರಿಂದ ಏನೂ ಆಗಲಿಲ್ಲ. ಎಮಿಲ್ಡಾ ಮಾತ್ರ ಒಂಬತ್ತು ದಿನ ಹೊರಗೆ ಹೋಗಲಿಲ್ಲ. ಹತ್ತನೇ ದಿನ ಹಿಲರಿ ಗೇಟಿನ ಹೊರಗೇ ನಿಂತು, "ಒಬ್ಬಳಿಗೋಸ್ಕರ ಊರಿಗೆಲ್ಲ ಕಷ್ಟ ಬೇಡ ಎಮಿಲ್ಡಾ," ಎಂದು ಹೇಳಿ ಹೋದರು.

ಅಂದು ಸಂಜೆ ಅವಳು ಮಾಂಯ್ ಹಾಸಿಗೆಯ ಪಕ್ಕ ಕೂತು ಕುತ್ತಿಗೆ ಬಗ್ಗಿಸಿದಳು.

"ಮಾಂಯ್, ಇದನ್ನು ನೀವೇ ತೆಗೀಬೇಕು. ಹಿರಿಯರು ತೆಗೀಬೇಕೂಂತ ಹೇಳಿದ್ರಲ್ಲ."

"ಪೆಟ್ಟಿಗೆ ಎಲ್ಲಿ?" ಎಂದರು ಮಾಂಯ್. "ಮೊದಲು ನನ್ನ ಮಗನನ್ನು ತಂದು ತೋರಿಸ್ಲಿ. ಅವರಿಗೆ ಹೇಳು."

"ಯಾರಿಗೆ ಹೇಳ್ಲಿ?"

ಮಾಂಯ್ ಗೋಡೆಗೆ ಆನಿಕೊಂಡು ಎದ್ದು ಕೂತರು. ಆಮೇಲೆ ಕೈ ಎತ್ತಿದರು. ಕೊಂಡಿ ಬಿಚ್ಚಲು ಅವರಿಗೂ ಆಗಲಿಲ್ಲ. ವಲೇರಿಯನ್ ತಡವರಿಸಿದ ಹಾಗೆಯೇ ತಡವರಿಸಿದರು. ಕೊನೆಗೆ ಬಿಚ್ಚಿತು. ನಾನು ಅವರ ಅಂಗೈಯಲ್ಲಿ ಮುದ್ದೆಯಾಗಿ ಬಿದ್ದೆ. ಒಂಬತ್ತು ವರ್ಷದ ಮೇಲೆ ನನಗೆ ಮೊದಲ ಸಲ ಚಳಿಯಾಯಿತು.

ಆಗ ಮಾಂಯ್ ಅಳಲು ಶುರು ಮಾಡಿದರು. ಎಂಟು ವರ್ಷ ಒಂದು ಹನಿ ಹಾಕದೆ ಕೂತಿದ್ದವರು, ಹೆಸರು ಹಿಡಿದು, ಎದೆ ಬಡಿದುಕೊಂಡು, ಸಾವಿನ ಮನೆಯಲ್ಲಿ ಅಳುವ ಹಾಗೆ ಅತ್ತರು. ದನಿ ರಸ್ತೆಗೆ ಕೇಳಿತು. ಇಗರ್ಜಿಗೆ ಹೊರಟಿದ್ದ ಹಿಲರಿ ಓಡಿ ಬಂದು ಬಾಗಿಲಲ್ಲಿ ನಿಂತರು.

"ಎಂತಾಯ್ತು ಎಮಿಲ್ಡಾ? ಯಾರು ಹೋದದ್ದು?"

"ವಲೇರಿಯನ್."

ಅವರಿಗೆ ಅರ್ಥವಾಗಲಿಲ್ಲ. "ಯಾವಾಗ?" ಎಂದು ಕೇಳಿಬಿಟ್ಟರು.

"ಈಗ," ಎಂದಳು ಎಮಿಲ್ಡಾ.

ಸೋಮವಾರ ಇಗರ್ಜಿಯಲ್ಲಿ ಸತ್ತವರ ಪೂಜೆ ಇಟ್ಟರು, ಪೆಟ್ಟಿಗೆ ಇಲ್ಲದೆ. ಗುಲಾಬಿಯಮ್ಮ ಮೂರು ವಾರದ ನಂತರ ತೀರಿಕೊಂಡರು. ಕೊನೆಯ ಎರಡು ದಿನ ನೀರಿಗೆ ಬಾಯಿ ತೆರೆಯಲಿಲ್ಲವಂತೆ. ಮಾಂಯ್ ಮಳೆಗಾಲ ಕಾಣಲಿಲ್ಲ. ಊರಿನಲ್ಲಿ ಈಗ ಶಾಂತಿ ಇದೆ ಎಂದು ಎಲ್ಲರೂ ಹೇಳುತ್ತಾರೆ. ಎಮಿಲ್ಡಾ ಮೀನಿನ ಫ್ಯಾಕ್ಟರಿಯಲ್ಲಿ ಸೀಗಡಿ ಸುಲಿಯುತ್ತಾಳೆ. ಏಳುವಾಗ ಇನ್ನೂ ಮೊದಲು ಕುತ್ತಿಗೆ ಮುಟ್ಟಿಕೊಳ್ಳುತ್ತಾಳೆ.

ನಾನು ದಾನಾ ಕೊಟ್ಟ ಬಿಸ್ಕತ್ತಿನ ಡಬ್ಬಿಯಲ್ಲಿದ್ದೇನೆ, ವಲೇರಿಯನ್ನನ ಬೋಟಿನ ಗುರುತಿನ ಚೀಟಿಯ ಜೊತೆ. ಒಂದು ದೇಶದಲ್ಲಿ ನನ್ನನ್ನು ಮಗುಚಿದರು, ಒಂದು ದೇಶದಲ್ಲಿ ನನ್ನತ್ತ ನೋಡಲೇ ಇಲ್ಲ. ಎರಡು ಕಡೆಯೂ ನಾನು ಅವಳ ಕುತ್ತಿಗೆಯಲ್ಲೇ ಇದ್ದೆ. ನಾನು ಇಳಿದದ್ದು ನಾನು ಹುಟ್ಟಿದ ಊರಿನಲ್ಲಿ, ಅವರೆಲ್ಲ ಚಹಾ ಕುಡಿದು ಎದ್ದ ಮೇಲೆ, ಯಾರೂ ಜೋರಾಗಿ ಮಾತಾಡದೆ.

ಗೋಲದ ಸಂದಿಯಲ್ಲಿ ಆಚಾರ್ಯರ ಕುಂಕುಮ ಇನ್ನೂ ಇದೆ. ಡಬ್ಬಿಗೆ ಹಾಕುವಾಗ ಎಮಿಲ್ಡಾ ಹಳೆಯ ಅಭ್ಯಾಸದಲ್ಲಿ ಪದಕವನ್ನು ಮಗುಚಿಯೇ ಇಟ್ಟಳು.