ದಿನಾ ಸಾಯುವವನಿಗೆ

ಹೊತ್ತು ಮಧ್ಯಾಹ್ನಕ್ಕೆ ಬಂದರೂ ಸಿದ್ದಲಿಂಗವ್ವ ಇವತ್ತೂ ಕೇಳಲಿಲ್ಲ. ನಿನ್ನೆ ಕೇಳಿರಲಿಲ್ಲ, ಮೊನ್ನೆಯೂ ಇಲ್ಲ. ಸೊಸೆ ನಾಗರತ್ನಾ ರೊಟ್ಟಿ ಬಡಿಯುವಾಗ, ಅತ್ತೆಯ ಒದ್ದೆ ಸೀರೆ ಒಗೆಯುವಾಗ, ಒಂದು ಕಿವಿಯನ್ನು ಪಡಸಾಲೆಯಲ್ಲೇ ಇಟ್ಟಿದ್ದಳು. “ಮಹಾದೇವ ಎಲ್ಲಿ ಹೋಗ್ಯಾನ?” ಎಂಬ ಮಾತು ಅಲ್ಲಿಂದ ಬರಲಿಲ್ಲ. ಮುದುಕಿ ಕಂಬಕ್ಕೆ ಒರಗಿ ಸೆರಗಿನ ಅಂಚು ಮಡಚುತ್ತ, ಬಿಚ್ಚುತ್ತ ಕೂತಿದ್ದಳು.

ಮಹಾದೇವ ಅತ್ತೆಗೆ ಒಬ್ಬನೇ ಮಗ, ನಾಗರತ್ನಾಳಿಗೆ ಗಂಡ. ಎದೆ ಹಿಡಿದುಕೊಂಡು ಕುಸಿದು ಸತ್ತು ಮೂರು ವರ್ಷವಾಗುತ್ತ ಬಂದಿತ್ತು. ಮನೋಳಿಯಲ್ಲಿ ಅದು ಗೊತ್ತಿಲ್ಲದೆ ಇದ್ದವಳು ಹೆತ್ತವಳೊಬ್ಬಳೇ. ಮರೆವಿನ ರೋಗ ಆಕೆಯ ತಲೆಯನ್ನು ತೊಳೆದಿಟ್ಟಿತ್ತು. ಎರಡು ಸಲ ಮನೆ ಬಿಟ್ಟು ಹೊಳೆಯ ದಾರಿ ಹಿಡಿದ ಮೇಲೆ ನಾಗರತ್ನಾ ಬಾಗಿಲ ಚಿಲಕವನ್ನು ಕೀಳಿಸಿ, ಮುದುಕಿಯ ಕೈಗೆ ಎಟುಕದಷ್ಟು ಮೇಲೆ ಹಾಕಿಸಿದ್ದಳು. ಅಂದಿನಿಂದ ಒಳಗಿದ್ದವರು ಇಬ್ಬರೂ ಒಳಗೇ.

ವರ್ಷ ತುಂಬುವ ತನಕ ಓಣಿಯ ಹೆಂಗಸರು ಬಂದು ನಾಗರತ್ನಾಳ ಕೊರಳಿಗೆ ಬಿದ್ದು ಅತ್ತರು. ಆಮೇಲೂ ಅವಳ ಕಣ್ಣು ಒಣಗದಿದ್ದಾಗ ಪಕ್ಕದ ಮನೆಯ ಕೃಷ್ಣವ್ವ, “ದಿನಾ ಸಾಯೋರಿಗೆ ಅಳವ್ರ ಯಾರವ್ವ? ಸಾಕ ಮಾಡಿನ್ನ” ಅಂದಳು. ಅಂದು ಹೋದವಳು ಮತ್ತೆ ಹೊಸ್ತಿಲು ತುಳಿಯಲಿಲ್ಲ. ಮನೆಯಲ್ಲಿ ಉಚ್ಚೆಯ ವಾಸನೆ ಇದೆ ಎಂದು ಊರಿಗೆಲ್ಲ ಹೇಳಲು ಮಾತ್ರ ಮರೆಯಲಿಲ್ಲ.

ಹಾಗೆ ನೋಡಿದರೆ ಅಳುವುದರಲ್ಲಿ ಸಿದ್ದಲಿಂಗವ್ವನನ್ನು ಮೀರಿಸುವವರು ಆ ಸೀಮೆಯಲ್ಲೇ ಇರಲಿಲ್ಲ. ಯಾರ ಮನೆಯಲ್ಲಿ ಸಾವಾದರೂ ಹಾಡಿಕೊಂಡು ಅಳಲು ಆಕೆಯೇ ಬೇಕು. ಹೋದವಳೇ ಮೊದಲು ಮನೆಯವರನ್ನು ವಿಚಾರಿಸುತ್ತಿದ್ದಳು: ಸತ್ತವನ ಹೆಸರೇನು, ಏನು ಇಷ್ಟಪಟ್ಟು ಉಣ್ಣುತ್ತಿದ್ದ, ಹೆಂಡತಿಯನ್ನು ಏನೆಂದು ಕರೆಯುತ್ತಿದ್ದ. ಆಮೇಲೆ ಅದನ್ನೆಲ್ಲ ಪೋಣಿಸಿ ಅಳತೊಡಗಿದರೆ ಸತ್ತವನ ಜೊತೆ ಕೋರ್ಟು ಹತ್ತಿದ ದಾಯಾದಿಗಳೂ ಮೂಗು ಒರೆಸಿಕೊಳ್ಳುತ್ತಿದ್ದರು. ಉಂಡದ್ದು, ಉಟ್ಟದ್ದು ಎಲ್ಲ ಮರೆತ ಮುದುಕಿಗೆ ಆ ವಿದ್ಯೆಯೊಂದು ಉಳಿದಿತ್ತು.

ಅದು ಗೊತ್ತಾದದ್ದು ಕಳೆದ ಬೇಸಿಗೆಯಲ್ಲಿ. ಒಂದೇ ದಿನ ಇಪ್ಪತ್ತು ಸಲ ಮಗನೆಲ್ಲಿ ಎಂದು ಕೇಳಿಸಿಕೊಂಡ ನಾಗರತ್ನಾಳಿಗೆ ತಾಳ್ಮೆ ಕೆಟ್ಟು, “ಸತ್ತಾರ್ರಿ! ನಿಮ್ಮ ಮಗಾ ಸತ್ತಾರ!” ಎಂದು ಕಿರುಚಿದ್ದಳು. ಮುದುಕಿ ಎದೆ ಎದೆ ಬಡಿದುಕೊಂಡು ಬಂದು ಸೊಸೆಯ ಕೊರಳಿಗೆ ಬಿದ್ದಳು. “ಮೊಸರ ಬುತ್ತಿ ಕಟ್ಟಿದ್ನೆಲ್ಲೋ ನನ್ನಪ್ಪಾ, ಬಿಚ್ಚದ ಹೋದೆಲ್ಲೋ...” ಮಣ್ಣು ಕೊಟ್ಟ ದಿನವೂ ನಾಗರತ್ನಾ ಅಷ್ಟು ಅತ್ತಿರಲಿಲ್ಲ. ಅರ್ಧ ತಾಸಿನ ಮೇಲೆ ಮುದುಕಿ ಎಲ್ಲ ಮರೆತು ಚಹಾ ಕೇಳಿದಳು. ನಾಗರತ್ನಾಳಿಗೆ ತಲೆಯ ಮೇಲಿನ ಹೊರೆ ಇಳಿಸಿದಂತಾಗಿತ್ತು.

ಮರುದಿನ ಅವಳು ತಾನಾಗಿಯೇ ಹೇಳಿದಳು. ಆಮೇಲೆ ಅದು ದಿನದ ಕೆಲಸವಾಯಿತು. ಪಾತ್ರೆ ತಿಕ್ಕಿಟ್ಟು, ಚಿಲಕ ಹಾಕಿ, ಅತ್ತೆಯ ಎದುರು ಕೂತು, ಆ ಪ್ರಶ್ನೆ ಬರುವುದನ್ನೇ ಕಾದು ಹೇಳುತ್ತಿದ್ದಳು. ಆಕೆಗೆ ಪ್ರತಿ ಸಲವೂ ಮಗ ಈಗಷ್ಟೇ ಸತ್ತಂತೆ. ಇದು ಪಾಪ ಎಂದು ನಾಗರತ್ನಾಳಿಗೆ ಗೊತ್ತಿರಲಿಲ್ಲ ಅನ್ನುವಂತಿಲ್ಲ. ಗೊತ್ತಿದ್ದೇ ಮಾಡಿದಳು. ಜಗತ್ತಿನಲ್ಲಿ ಅವಳ ಜೊತೆ ಅಳಲು ಇನ್ನು ಯಾರಿದ್ದರು?

ಸಾಲಹಳ್ಳಿಗೆ ಕೊಟ್ಟ ನಾದಿನಿ ಗಂಗಾ ಒಂದು ಮಧ್ಯಾಹ್ನ ಹೇಳದೆ ಕೇಳದೆ ಬಂದವಳು ಕಿಟಕಿಯಿಂದ ಇದನ್ನೆಲ್ಲ ನೋಡಿಬಿಟ್ಟಳು.

“ನಮ್ಮವ್ವನ ಜೀವಾ ತಗೀಲಿಕ್ಕೆ ಹತ್ತೀಯೇನ ವೈನಿ? ನೀ ಮನಶ್ಯಾಳೋ, ದೆವ್ವೋ?”

“ಹಂಗಾದ್ರ ನೀವ ಕರಕೊಂಡ ಹೋಗ್ರಿ. ಎಂಟ ದಿನಾ ಇಟಕೊಂಡ ನೋಡ್ರಿ.”

“ನಮ್ಮ ಅತ್ತಿಮನ್ಯಾಗ ಹ್ಯಾಂಗ ಇಟಕೊಳ್ಳಲಿ? ನಾ ಮಕ್ಕಳು ಮರಿ ಇದ್ದಾಕಿ. ನಿನಗ ಹಿಂದಿಲ್ಲ ಮುಂದಿಲ್ಲ, ಮತ್ತೇನ ಕೆಲಸ ಐತಿ?” ಅಂದ ಗಂಗಾ, ವೈನಿಯ ಕೈ ಹಿಡಿದು ತಾಯಿಯ ನೆತ್ತಿಯ ಮೇಲೆ ಇಡಿಸಿದಳು. “ಆಣಿ ಮಾಡು. ಕೇಳಿದ್ರ, ಹೊಲಕ್ಕ ಹೋಗ್ಯಾನ ಅನಬೇಕು.” ತಂದಿದ್ದ ಆರು ಬಾಳೆಹಣ್ಣು ಇಟ್ಟು ನಾಲ್ಕರ ಬಸ್ಸಿಗೆ ಹೋದಳು.

ಒಂದು ತಿಂಗಳು ನಾಗರತ್ನಾ ಆಣೆ ಉಳಿಸಿಕೊಂಡಳು. ಕೇಳಿದಾಗಲೆಲ್ಲ ಹೊಲ ಅಂದಳು. ಈಗ ಮೂರು ದಿನದಿಂದ ಆ ಪ್ರಶ್ನೆಯೇ ಇಲ್ಲ. ಅವಳಿಗೆ ಹೆದರಿಕೆಯಾಯಿತು. ಕೈ ಒರೆಸಿಕೊಂಡು ಬಂದು ಅತ್ತೆಯ ಎದುರು ಕೂತಳು.

“ಅತ್ತೀ, ನಿಮ್ಮ ಮಗಾ ಸತ್ತಾರ್ರಿ.”

ಸಿದ್ದಲಿಂಗವ್ವ ಸೆರಗು ಮಡಚುವುದನ್ನು ನಿಲ್ಲಿಸಿದಳು. “ಯಾವ ಮಗಾ?”

“ನಿಮ್ಮ ಮಗಾರಿ. ಹೊಟ್ಟೀಲೆ ಹುಟ್ಟಿದಾಂವ.”

ಮುದುಕಿ ಅವಳ ಬರಿ ಹಣೆ ನೋಡಿದಳು, ಬರಿಗೈ ನೋಡಿದಳು. ಮುಖದ ಮೇಲೆ ಕನಿಕರ ಬಂತು. “ನಿನ್ನ ಗಂಡೇನ ತಂಗಿ? ಅಯ್ಯ ಶಿವನ. ಹೆಸರೇನ ಅವಂದು?”

ಮದುವೆಯಾದ ಇಪ್ಪತ್ತೆರಡು ವರ್ಷದಲ್ಲಿ ನಾಗರತ್ನಾ ಗಂಡನ ಹೆಸರನ್ನು ಬಾಯಲ್ಲಿ ಆಡಿದವಳಲ್ಲ. ಸತ್ತ ಮೇಲೂ ಆಡಿರಲಿಲ್ಲ.

“ಮಹಾದೇವ.”

“ಚೊಲೋ ಹೆಸರ. ಏನ ಇಷ್ಟಪಟ್ಟ ಉಣತಿದ್ದ?”

“ಮೊಸರ ಬುತ್ತಿ.”

ಸಿದ್ದಲಿಂಗವ್ವ ತಲೆಯಾಡಿಸಿದಳು. ಸೊಸೆಯ ಕೊರಳಿಗೆ ಕೈ ಹಾಕಿ ಎರಡು ನುಡಿ ಹಾಡಿಕೊಂಡು ಅತ್ತಳು. ರಾಗ ತಪ್ಪಲಿಲ್ಲ, ಹೆಸರೂ ತಪ್ಪಲಿಲ್ಲ. ಕಣ್ಣಲ್ಲಿ ಮಾತ್ರ ನೀರಿರಲಿಲ್ಲ. ಪರರ ಮನೆಯಲ್ಲಿ ಎಷ್ಟು ಅಳಬೇಕೋ ಅಷ್ಟು ಅತ್ತು ಕೈ ಬಿಡಿಸಿಕೊಂಡಳು. ನಾಗರತ್ನಾ ಇನ್ನೂ ಬಿಕ್ಕುತ್ತಿದ್ದಳು.

“ಸಮಾಧಾನ ಮಾಡ್ಕೊ ತಂಗಿ. ನಾ ಬರತೇನಿನ್ನ” ಎಂದು ಮುದುಕಿ ಮೊಳಕಾಲು ಹಿಡಿದು ಎದ್ದಳು. “ಮನ್ಯಾಗ ನಮ್ಮ ಸೊಸಿ ಒಬ್ಬಾಕಿನ ಅದಾಳ.”

ಬಾಗಿಲ ಹತ್ತಿರ ಹೋಗಿ, ಹಳೆಯ ಚಿಲಕವಿದ್ದ ಜಾಗದಲ್ಲಿ ಉಳಿದಿದ್ದ ಎರಡು ಮೊಳೆಯ ತೂತುಗಳನ್ನು ಬೆರಳಿನಿಂದ ಸವರುತ್ತ ನಿಂತಳು.