ಹೊರಗಿನ ಬೆಳಕು

ಹದಿನಾಲ್ಕು ತುಂಬಿದ್ದರೂ ಅಪ್ಪ ಕರೆದ ಮುದ್ದಿನ ಹೆಸರು ಅವಳನ್ನು ಬಿಟ್ಟಿರಲಿಲ್ಲ. ಶಾಲೆಯಲ್ಲೂ ಅವಳು ಪುಟ್ಟಿಯೇ. ರೋಬೋಟ್ ತಂಡಕ್ಕೆ ಮಿಸ್ ಆರಿಸಿದ್ದು ಮೂವರನ್ನು, ಮೂವರಿಗೂ ಅಡ್ಡಹೆಸರೇ: ಪುಟ್ಟಿ, ಅವಳ ಪ್ರಾಣದ ಗೆಳತಿ ಕ್ಯಾಪ್ಟನ್, ಬಾಯಿ ಮುಚ್ಚದೆ ಮಾತಾಡುವ ರೇಡಿಯೋ.

ರೋಬೋಟ್ ಮೇಜಿನ ಮೇಲೆ ಎಳೆದ ಕಪ್ಪು ಗೆರೆ ಹಿಡಿದೇ ಓಡಬೇಕು. ಅದರ ಕಣ್ಣು ಪುಟ್ಟಿಯ ಪಾಲಿನ ಕೆಲಸ. ಕಣ್ಣೆಂದರೆ ಅದರ ಹೊಟ್ಟೆಯಡಿ ಕೂರಿಸಿದ, ಅಂಗಿಯ ಗುಂಡಿಯಷ್ಟು ಅಗಲದ ಸೆನ್ಸರ್. ಅದು ನೆಲಕ್ಕೆ ತಾನೇ ಬೆಳಕು ಚೆಲ್ಲಿ, ಎಷ್ಟು ವಾಪಸ್ ಬಂತೆಂದು ನೋಡಿ, ಕೆಳಗಿರುವುದು ಕಪ್ಪು ಗೆರೆಯೋ ಬಿಳಿ ಹಾಸೋ ಎಂದು ಹೇಳಬೇಕು. ಹೊರಗಿನ ಬೆಳಕು ನುಗ್ಗಿದರೆ ಅದಕ್ಕೆ ಮಂಕು ಬಡಿಯುತ್ತದೆ. ಅದಕ್ಕೇ ಸ್ಪರ್ಧೆಯ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಸಭಾಂಗಣಕ್ಕೆ ಹೋಗಿ, ಮೇಜಿನ ಮೂಲೆಮೂಲೆಯಲ್ಲೂ ಅಳತೆ ತೆಗೆದು, ಅಲ್ಲಿನ ದೀಪಗಳಿಗೆ ತಕ್ಕಂತೆ ಕಪ್ಪುಬಿಳುಪಿನ ಪಾಠವನ್ನು ಅದಕ್ಕೆ ಹೊಸದಾಗಿ ಹೇಳಿಕೊಟ್ಟಿದ್ದಳು.

ಅವತ್ತು ಅಪ್ಪ ಬರುವವನಿದ್ದ. ಅಮ್ಮನಿಂದ ಬೇರೆಯಾದ ಮೇಲೆ ಅವನು ದೂರದೂರಿನಲ್ಲಿ ಬಸ್ ಓಡಿಸುತ್ತಿದ್ದ. ಹಿಂದೊಮ್ಮೆ ಶಾಲೆಯ ಓಟದ ಪಂದ್ಯಕ್ಕೆ ಬಂದಿದ್ದ. ಪುಟ್ಟಿ ಬಿದ್ದು ಮೊಣಕೈ ಮುರಿದುಕೊಂಡಳು. "ಈ ಮನುಷ್ಯ ಕಾಲಿಟ್ಟ ಕಡೆ ಒಳ್ಳೇದಾಗಿದ್ದುಂಟಾ?" ಎಂದು ಅಮ್ಮ ಆಸ್ಪತ್ರೆಯಲ್ಲಿ ಸಿಟ್ಟಿಗೆ ಅಂದದ್ದು ಅವನ ಮನಸ್ಸಿನಲ್ಲಿ ನಾಟಿಬಿಟ್ಟಿತ್ತು. ಆಮೇಲೆ ಎಷ್ಟು ಕರೆದರೂ ಫೋನಿನಲ್ಲೇ ನಕ್ಕು ತಪ್ಪಿಸಿಕೊಳ್ಳುತ್ತಿದ್ದ. "ಬೇಡ ಕಣೇ, ನನ್ ಕಾಲ್ಗುಣ ನಿಂಗೊತ್ತಲ್ಲ."

ಈ ಸಲ ಪುಟ್ಟಿ ಹಟ ಹಿಡಿದಿದ್ದಳು. "ಏನೂ ಆಗಲ್ಲ. ಬಾ ಅಪ್ಪ. ನಂಗೋಸ್ಕರ."

ಕೊನೆಯ ಸುತ್ತಿಗೆ ಅವನು ಬಂದೇಬಿಟ್ಟ, ಇಸ್ತ್ರಿ ಮಾಡಿದ ಅಂಗಿ ತೊಟ್ಟು. ಜನರ ನಡುವೆ ನುಸುಳಿ, ಮೇಜಿನ ಸುತ್ತ ಕಟ್ಟಿದ್ದ ಅಡ್ಡಪಟ್ಟಿಯವರೆಗೂ ಬಂದು ನಿಂತ. ರೋಬೋಟ್ ಹೊರಟಿತು. ಮೊದಲ ತಿರುವು ದಾಟಿತು, ಕೆಂಪು ಬಿಲ್ಲೆಯನ್ನು ಕೆಂಪು ಚೌಕದಲ್ಲಿಟ್ಟಿತು, ಹಸಿರನ್ನು ಹಸಿರಿನಲ್ಲಿಟ್ಟಿತು. ಇನ್ನೊಂದೇ ತಿರುವು. ಕ್ಯಾಪ್ಟನ್ ಉಸಿರು ಬಿಗಿಹಿಡಿದು ಅದನ್ನೇ ನೋಡುತ್ತಿದ್ದಳು. ತೀರ್ಪುಗಾರರ ಬೆನ್ನು ಜನರ ಕಡೆಗಿತ್ತು. ಪುಟ್ಟಿ ಅಪ್ಪನತ್ತ ಒಮ್ಮೆ ಕಣ್ಣೆತ್ತಿದಳು.

ಅಪ್ಪ ಪಟ್ಟಿಯ ಮೇಲೆ ಬಾಗಿ, ಫೋನನ್ನು ಆದಷ್ಟು ಮುಂದಕ್ಕೆ ಚಾಚಿ, ಅದರ ಟಾರ್ಚ್ ಹಚ್ಚಿದ. ಸಭಾಂಗಣದ ದೀಪಗಳ ನಡುವೆ ಅದು ಬೇರೆ ಯಾರ ಗಮನಕ್ಕೂ ಬರಲಿಲ್ಲ.

ಗೆರೆಯ ಮೇಲೆಯೇ ಇದ್ದ ರೋಬೋಟ್ ಗೆರೆ ಕಳೆದುಕೊಂಡಿತು. ಗರಗರ ಎರಡು ಸುತ್ತು ಸುತ್ತಿ, ಅಂಚಿಗೆ ಢಿಕ್ಕಿ ಹೊಡೆದು ನಿಂತುಬಿಟ್ಟಿತು. ಅಷ್ಟರಲ್ಲಿ ಟಾರ್ಚ್ ಆರಿತ್ತು.

ಅಂಕಗಳನ್ನು ಬರೆದುಕೊಳ್ಳುವ ಮುನ್ನ ತೀರ್ಪುಗಾರರು ತಂಡದ ಹತ್ತಿರ ಬಂದು ಮೆಲ್ಲಗೆ ಕೇಳಿದರು. "ಹೊರಗಿನ ಬೆಳಕೇನಾದ್ರೂ ಬಿತ್ತಾ? ಬಿದ್ದಿದ್ರೆ ಈಗಲೇ ಹೇಳಿ. ಮತ್ತೊಂದ್ಸಲ ಓಡಿಸೋಕೆ ಬಿಡ್ತೀವಿ."

ಕ್ಯಾಪ್ಟನ್ ಪುಟ್ಟಿಯ ಕಡೆ ತಿರುಗಿದಳು. ಕಣ್ಣಿನ ವಿಚಾರ ಅವಳದಲ್ಲವೇ? ಪುಟ್ಟಿ ಅಪ್ಪನನ್ನು ನೋಡಿದಳು. ಅವನ ಮುಖ ಬಿಳಿಚಿಕೊಂಡಿತ್ತು. ಬೆಳಕಿನ ಸಂಗತಿ ಅವನಿಗೆಲ್ಲಿ ಗೊತ್ತು? ತಾನು ಬಂದದ್ದಕ್ಕೇ ಹೀಗಾಯಿತೇನೋ ಎಂದು ಆಗಲೇ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದ.

"ಇಲ್ಲ ಸರ್," ಎಂದಳು ಪುಟ್ಟಿ. "ನಾನೇ ಅಳತೆ ತಪ್ಪು ತೆಗೆದಿದ್ದೆ."

ಕ್ಯಾಪ್ಟನ್ ಬಿಕ್ಕುತ್ತಲೇ ಪುಟ್ಟಿಯ ಹೆಗಲ ಮೇಲೆ ಕೈ ಹಾಕಿದಳು. "ಹೋಗ್ಲಿ ಬಿಡೇ. ಯಾರಿಗಾದ್ರೂ ಆಗುತ್ತೆ." ಆ ಕೈ ಪುಟ್ಟಿಗೆ ಬಯ್ಗುಳಕ್ಕಿಂತ ಭಾರವಾಯಿತು.

ಹೊರಗೆ ಮೆಟ್ಟಿಲ ಬಳಿ ಅಪ್ಪ ಕಾಯುತ್ತಿದ್ದ. "ನಾನು ಬಂದಿದ್ದಕ್ಕೆ..." ಎಂದು ರಾಗ ಎಳೆದ.

"ಅಲ್ಲಪ್ಪ! ನನ್ನದೇ ತಪ್ಪು. ಮಿಸ್ಸನ್ನೇ ಕೇಳು ಬೇಕಾದ್ರೆ."

ಅವನ ಮುಖಕ್ಕೆ ಜೀವ ಬಂತು. ಫೋನು ತೆಗೆದು, ಪುಟ್ಟಿಯ ಹಿಂದೆಯೇ ಬಂದಿದ್ದ ಕ್ಯಾಪ್ಟನ್‌ಳನ್ನೂ ಹತ್ತಿರ ಕರೆದ. "ನೋಡು ಬಾಮ್ಮ ನೀನೂ. ಸೋತ್ರೇನು, ಎಷ್ಟು ಚೆಂದ ಓಡಿಸಿದ್ದೀರಿ! ಇವಳ ಮುಖ ಕಪ್ಪಗೆ ಬರ್ತಿತ್ತು, ಅದಕ್ಕೇ ಇಲ್ಲಿ ಟಾರ್ಚ್ ಹಾಕ್ದೆ. ಈಗ ನೋಡು!"

ಪುಟ್ಟಿ ತಡೆಯುವಷ್ಟರಲ್ಲಿ ವಿಡಿಯೋ ಓಡುತ್ತಿತ್ತು. ಕಪ್ಪು ಗೆರೆಯ ಮೇಲೆ ಬೆಳಕು ಬಿಳಿಯಾಗಿ ಹರಡಿತು, ರೋಬೋಟ್ ತಿರುಗಿತು, ಮೇಲೆ ಪುಟ್ಟಿಯ ಮುಖ, ನೇರ ಬೆಳಕನ್ನೇ ನೋಡುತ್ತಿದ್ದ ಕಣ್ಣು. ಕ್ಯಾಪ್ಟನ್ ಅದನ್ನು ಕೊನೆಯವರೆಗೂ ನೋಡಿದಳು.

"ಚೆನ್ನಾಗಿ ಬಂದಿದೆ ಅಂಕಲ್," ಎಂದಷ್ಟೇ ಹೇಳಿ ಶಾಲೆಯ ವ್ಯಾನಿನ ಕಡೆ ನಡೆದಳು.

ಪುಟ್ಟಿ ಓಡಿಹೋಗಿ ಅವಳ ಪಕ್ಕದಲ್ಲಿ ಕೂತಳು.

"ನಿಂಗೆ ಆಗ್ಲೇ ಗೊತ್ತಿತ್ತಲ್ವಾ?" ಕ್ಯಾಪ್ಟನ್ ಕೇಳಿದಳು.

"ಗೊತ್ತಿತ್ತು."

"ನಾವು ಗೆಲ್ತಿದ್ವಿ ಕಣೇ."

"ಗೊತ್ತು."

"ಒಂದ್ ಮಾತು ನನ್ನನ್ನ ಕೇಳ್ಬಹುದಿತ್ತು. ನಾನೂ ಬೆಳಕು ಬಿದ್ದಿಲ್ಲ ಅಂತಲೇ ಅಂತಿದ್ನೇನೋ." ಕ್ಯಾಪ್ಟನ್ ಕಣ್ಣೊರೆಸಿಕೊಂಡಳು. "ನೀನು ಕೇಳ್ಲೇ ಇಲ್ಲ."

ಅವಳು ಎದ್ದು ಮುಂದಿನ ಸೀಟಿಗೆ ಹೋದಳು. ಈ ವಿಷಯವನ್ನು ಮಿಸ್ಸಿಗಾಗಲಿ ರೇಡಿಯೋಗಾಗಲಿ ಅವಳು ಎಂದೂ ಹೇಳಲಿಲ್ಲ. ಮುಂದಿನ ವರ್ಷ ತಂಡಕ್ಕೆ ಹೆಸರು ಬರೆದುಕೊಳ್ಳುತ್ತಿದ್ದ ಕೋಣೆಯ ಬಾಗಿಲಲ್ಲಿ ಪುಟ್ಟಿ ಸ್ವಲ್ಪ ಹೊತ್ತು ನಿಂತಿದ್ದಳು. ಒಳಗಿದ್ದ ಕ್ಯಾಪ್ಟನ್ ತಲೆ ಎತ್ತಿ ನೋಡಿ, "ಏನು?" ಎಂದು ಮೆಲ್ಲಗೆ ಕೇಳಿದಳು, ಗುರುತಿಲ್ಲದವರನ್ನು ಕೇಳುವಷ್ಟೇ ಮರ್ಯಾದೆಯಿಂದ. ಪುಟ್ಟಿ ಏನಿಲ್ಲವೆಂದು ತಲೆಯಾಡಿಸಿ ಮನೆಗೆ ಹೋದಳು.